ಅಮ್ಮ ಶಿಳ್ಳೆ ಹಾಕಿದ ಹಸಿರು ಪಟ್ಟೆ

ನನ್ನ ಅಮ್ಮನಿಗೆ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹಾಕಲು ಬರುತ್ತದೆ. ಅದನ್ನು ಅವಳು ಕಲಿತದ್ದು ಹೆಬ್ಬಾಳದ ಸುತ್ತ ಒಂದರ ಪಕ್ಕ ಒಂದು ಕಟ್ಟಡ ಏಳುತ್ತಿದ್ದ ಕಾಲದಲ್ಲಿ, ಬಾಂಡ್ಲಿ ಹೊತ್ತು ಗಾರೆ ಕೆಲಸ ಮಾಡುವಾಗ. ಮಿಕ್ಸರ್ ಸದ್ದಿನಲ್ಲಿ ಎಷ್ಟು ಕೂಗಿದರೂ ಮೇಲಿನ ಮಹಡಿಯ ಮೇಸ್ತ್ರಿಗೆ ಕೇಳುತ್ತಿರಲಿಲ್ಲವಂತೆ. ಶಿಳ್ಳೆ ಕೇಳುತ್ತಿತ್ತು. ನಾನು ಬಿ.ಎಸ್ಸಿ. ಪಾಸಾದ ದಿನ ಅವಳು ಹೊಡೆದ ಶಿಳ್ಳೆಗೆ ಗಂಗಾನಗರದ ನಮ್ಮ ಗಲ್ಲಿಯ ಅಷ್ಟೂ ಬಾಗಿಲು ತೆರೆದವು. ಎದುರು ಮನೆಯ ಖಾಲಾ ತಲೆಯ ಮೇಲೆ ದುಪಟ್ಟಾ ಎಳೆದುಕೊಳ್ಳುತ್ತಾ ಹೊರಗೆ ಬಂದು, "ಏನ್ರೀ ಇದು, ಮಗಳ ಮದ್ವೆ ಗೊತ್ತಾಯ್ತಾ?" ಎಂದರು.

"ಅದಕ್ಕಿಂತ ದೊಡ್ದು ಕಣಕ್ಕ. ಪಾಸಾದ್ಲು!" ಎಂದಳು ಅಮ್ಮ.

ನಮ್ಮ ಎರಡೂ ಕಡೆಯ ವಂಶದಲ್ಲಿ ಡಿಗ್ರಿ ಪಡೆದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸೋಲದೇವನಹಳ್ಳಿಯ ಕಾಲೇಜಿಗೆ ಎರಡು ಬಸ್ಸು ಬದಲಾಯಿಸಿ, ನಿಂತುಕೊಂಡೇ ಸಂಖ್ಯಾಶಾಸ್ತ್ರ ಓದಿದವಳು. ಈಗ ಹೆಬ್ಬಾಳದ ಒಂದು ಕಂಪನಿಯಲ್ಲಿದ್ದೇನೆ. ದಿನದಿಂದ ದಿನಕ್ಕೆ ಬದಲಾಗುವ ಅಂಕಿಗಳನ್ನು ಪರದೆಯ ಮೇಲೆ ಚಿತ್ರವಾಗಿ ಮಾಡುವುದು, ನೋಡುವವರಿಗೆ ಏನು ಬದಲಾಯಿತು, ಯಾವಾಗ ಬದಲಾಯಿತು ಎಂಬುದು ತಿಳಿಯುವ ಹಾಗೆ ಮಾಡುವುದು ನನ್ನ ಕೆಲಸ. ಅಂಥ ಒಂದು ಚಿತ್ರವನ್ನು ತೋರಿಸಿ, ನನ್ನ ಕಣ್ಣೆದುರೇ, ನನ್ನ ಅಮ್ಮನ ಕೈಯಿಂದಲೇ ಅವಳು ಹೋಗುವ ಕ್ಲಿನಿಕ್ಕಿಗೆ ಬೀಗ ಹಾಕಿಸಲು ಹೊರಟಿದ್ದರು. ಆ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದಿಡುತ್ತಿದ್ದೇನೆ.

ಕ್ಲಿನಿಕ್ ಎಂದರೆ ದೊಡ್ಡದೇನಲ್ಲ. ಹಿಟ್ಟಿನ ಗಿರಣಿಯ ಪಕ್ಕದಲ್ಲಿ ಎರಡು ಕೋಣೆ, ಹೊರಗೆ ಒಂದು ಬೆಂಚು. ಒಂದು ಆರೋಗ್ಯ ಸಹಕಾರ ಸಂಘ ಅದನ್ನು ನಡೆಸುತ್ತದೆ. ಮನೆಗೆಲಸದವರು, ಗಾರೆಯವರು, ತಳ್ಳುಗಾಡಿಯವರು, ಟೈಲರುಗಳು ಸೇರಿ ಕಟ್ಟಿದ ಸಂಘ. ವರ್ಷಕ್ಕೊಮ್ಮೆ ಚಂದಾ ಕಟ್ಟಿದರೆ ಡಾಕ್ಟರು, ಡ್ರೆಸ್ಸಿಂಗು, ಶುಗರ್ ಪರೀಕ್ಷೆ. ಗಂಗಾನಗರದಂತೆಯೇ ಯಲಹಂಕ, ಹೆಬ್ಬಾಳ, ಯಶವಂತಪುರದಲ್ಲೂ ಒಂದೊಂದು ಕೇಂದ್ರವಿದೆ.

ಅಮ್ಮನಿಗೆ ಸಕ್ಕರೆ ಕಾಯಿಲೆ. ಅಂಗಾಲಿನಲ್ಲಿ ಒಂದು ಗಾಯವಿದೆ, ಮಾಗಿದ ಹಾಗೆ ಕಂಡು ಮತ್ತೆ ಬಾಯಿ ಬಿಡುತ್ತದೆ. ಅಂಥ ಗಾಯ ಎಂದರೇನು ಎಂದು ನಮ್ಮ ಗಲ್ಲಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮೊದಲು ಬೆರಳು ಹೋಗುತ್ತದೆ, ಆಮೇಲೆ ಪಾದ. ಗಿರಣಿಯ ಪಕ್ಕಕ್ಕಾದರೆ ಅವಳು ಖಾಲಾ ಅವರ ತೋಳು ಹಿಡಿದುಕೊಂಡು, ಹಿಮ್ಮಡಿ ಊರಿ ನಡೆದು ಹೋಗಿ ಡ್ರೆಸ್ಸಿಂಗ್ ಮಾಡಿಸಿಕೊಂಡು ಬರುತ್ತಾಳೆ. ಅದೇ ಯಶವಂತಪುರಕ್ಕೆ ಎಂದರೆ ಮುಖ್ಯರಸ್ತೆ ದಾಟಬೇಕು, ಬಸ್ಸಿಗೆ ಕಾಯಬೇಕು, ಆ ಜನಜಂಗುಳಿಯಲ್ಲಿ ಯಾರಾದರೂ ಕಾಲು ತುಳಿಯದಂತೆ ನೋಡಿಕೊಳ್ಳಬೇಕು. ಗಾಯ ವಾಸಿ ಮಾಡಿಸಿಕೊಳ್ಳಲು ಹೋಗಿ ಗಾಯ ದೊಡ್ಡದು ಮಾಡಿಕೊಂಡು ಬರುವ ದಾರಿ ಅದು.

ಸಂಘದ ವಾರ್ಷಿಕ ಮಹಾಸಭೆ ಆರ್.ಟಿ. ನಗರದ ಒಂದು ಕಲ್ಯಾಣ ಮಂಟಪದಲ್ಲಿ ನಡೆಯಿತು. ಅಮ್ಮ, ಖಾಲಾ ಬೆಳಿಗ್ಗೆಯೇ ಹೋಗಿ ಮುಂದಿನ ಸಾಲಿನಲ್ಲಿ ಜಾಗ ಹಿಡಿದಿದ್ದರು. ನಾನು ತಡವಾಗಿ ಹೋಗಿ ಹಿಂದೆ, ಊಟದ ಮನೆಯ ಬಾಗಿಲ ಬಳಿ ನಿಂತೆ. ಒಳಗಿನಿಂದ ಬಿಸಿಬೇಳೆಬಾತಿನ ಒಗ್ಗರಣೆ ವಾಸನೆ ಬರುತ್ತಿತ್ತು.

ಇಂಥ ಸಭೆಗಳ ಪದ್ಧತಿ ಹೋದವರಿಗೆಲ್ಲ ಗೊತ್ತು. ಕಾರ್ಯದರ್ಶಿಗಳು ಮೈಕಿನ ಮುಂದೆ ನಿಂತು ಹೋದ ವರ್ಷದ ವರದಿ ಓದುತ್ತಾರೆ. ಯಾರಿಗೂ ಕೇಳಿಸಿರುವುದಿಲ್ಲ. ಕೊನೆಯಲ್ಲಿ ಅವರ ದನಿ ಏರುತ್ತದೆ, "ಸಭೆಯು ಚಪ್ಪಾಳೆಯ ಮೂಲಕ ಅನುಮೋದಿಸಬೇಕೆಂದು ಕೋರುತ್ತೇನೆ" ಎನ್ನುತ್ತಾರೆ, ಚಪ್ಪಾಳೆ ಬೀಳುತ್ತದೆ, ಮುಗಿಯಿತು. ಲೆಕ್ಕಪತ್ರಕ್ಕೂ ಚಪ್ಪಾಳೆ. ಆಡಿಟರ್ ನೇಮಕಕ್ಕೂ ಚಪ್ಪಾಳೆ. ಕೈ ಎತ್ತುವುದಿಲ್ಲ, ಚೀಟಿ ಹಾಕುವುದಿಲ್ಲ. ನಮ್ಮವರಿಗೆ ಚಪ್ಪಾಳೆ ಎಂದರೆ ಒಂದು ಮರ್ಯಾದೆ, ಎದುರಿಗೆ ಮಾತಾಡಿದವರನ್ನು ಬರಿಗೈಲಿ ಕೂರಿಸಬಾರದು ಎಂಬ ಸೌಜನ್ಯ. ಸಭೆಯ ನಡಾವಳಿ ಪುಸ್ತಕದಲ್ಲಿ ಮಾತ್ರ ಅದು ಒಪ್ಪಿಗೆ.

ಆ ಸಲ ಹೊಸದಾಗಿ ದೊಡ್ಡ ಎಲ್ಇಡಿ ಪರದೆ ತಂದಿದ್ದರು. ಸಂಘ ಹೊಸದಾಗಿ ಗೊತ್ತುಮಾಡಿಕೊಂಡಿದ್ದ ಸಲಹೆಗಾರ, ಚುರುಕಾದ ಯುವಕ, ಲ್ಯಾಪ್‌ಟಾಪ್ ಹಿಡಿದು ವೇದಿಕೆ ಹತ್ತಿದ. "ಎಲ್ರೂ ರೆಡೀನಾ? ಈಗ ನಮ್ಮ ಕೇಂದ್ರಗಳ ಮಧ್ಯೆ ಒಂದು ರೇಸ್ ನೋಡೋಣ!" ಎಂದ. ಡ್ರಮ್ಮಿನ ಸಂಗೀತ ಶುರುವಾಯಿತು. ಪರದೆಯ ಮೇಲೆ ನಾಲ್ಕು ಬಣ್ಣದ ಪಟ್ಟೆಗಳು ಬಂದವು, ಕೇಂದ್ರಕ್ಕೊಂದು. ಗಂಗಾನಗರದ್ದು ಹಸಿರು. ಮೂಲೆಯಲ್ಲಿ ತಿಂಗಳುಗಳ ಹೆಸರು ಮಿಂಚಿ ಮಿಂಚಿ ಬದಲಾಗುತ್ತಿತ್ತು. ತಿಂಗಳು ಸರಿದ ಹಾಗೆ ಪಟ್ಟೆಗಳು ಎಡದಿಂದ ಬಲಕ್ಕೆ ಬೆಳೆಯುತ್ತಾ, ಉದ್ದವಾದದ್ದು ಗಿಡ್ಡದ ತಲೆ ಮೇಲಿಂದ ಹಾರಿ ಮೇಲಕ್ಕೆ ಹೋಗುತ್ತಿತ್ತು. ಹೆಬ್ಬಾಳ ಮೇಲೆ, ಯಶವಂತಪುರ ಮೇಲೆ, ಮತ್ತೆ ಹೆಬ್ಬಾಳ. ಕೆಳಗಿನಿಂದ ಹಸಿರು ಪಟ್ಟೆ ಒಂದೇ ಉಸಿರಿಗೆ ಏರತೊಡಗಿತು.

"ಗಂಗಾನಗರದವರು ಎಲ್ಲಿದೀರಾ? ಸೌಂಡ್ ಬರ್ಲಿ!" ಎಂದ ಯುವಕ.

ಸೌಂಡ್ ಬಂತು. ಖಾಲಾ ಎದ್ದು ನಿಂತು, "ಹೊಡೀರಿ ಹೊಡೀರಿ, ನಮ್ದೇ ಫಸ್ಟು!" ಎಂದು ಕೂಗಿದರು. ಹಸಿರು ಪಟ್ಟೆ ಎಲ್ಲರನ್ನೂ ದಾಟಿ ಪರದೆಯ ಬಲ ಅಂಚಿಗೆ ಬಡಿದಾಗ ಅಮ್ಮ ಎರಡು ಬೆರಳು ಬಾಯಿಗಿಟ್ಟಳು. ಆ ಶಿಳ್ಳೆ ಡ್ರಮ್ಮನ್ನು ಮೀರಿಸಿತು. ಯಲಹಂಕದ ಪಟ್ಟೆ ತೀರಾ ಕೆಳಗೆ ಉಳಿದಿತ್ತು, ಅಲ್ಲಿಯವರ ಮುಖ ಸಣ್ಣಗಾಗಿತ್ತು. ಅವರಲ್ಲಿ ಒಬ್ಬ ಹಿರಿಯರು ಎದ್ದು, "ಮುಂದಿನ್ ವರ್ಷ ನೋಡ್ಕೊತೀವಿ ಬಿಡಿ, ಇಂಗೇ ಇರಲ್ಲ!" ಎಂದು ಸವಾಲು ಹಾಕಿದರು. ಇಡೀ ಮಂಟಪ ನಕ್ಕಿತು.

ನಾನು ಅಷ್ಟು ಹೊತ್ತೂ ಪಟ್ಟೆಗಳನ್ನು ಬಿಟ್ಟು ತಲೆಬರಹವನ್ನು ಹುಡುಕುತ್ತಿದ್ದೆ. ಅದು ನನ್ನ ಅಭ್ಯಾಸ. ಕೊನೆಗೆ ಸಿಕ್ಕಿತು, ಮೇಲಿನ ಮೂಲೆಯಲ್ಲಿ, ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ. ಕೇಂದ್ರಕ್ಕೆ ಬರುವುದನ್ನು ನಿಲ್ಲಿಸಿದ ಸದಸ್ಯರ ಒಟ್ಟು ಸಂಖ್ಯೆ, ಎಂಬುದು ಅದರ ಅರ್ಥ. ಅಂದರೆ ಬಿಟ್ಟು ಹೋದವರ ರೇಸು. ಎಷ್ಟು ಉದ್ದವೋ ಅಷ್ಟು ಕೆಟ್ಟದ್ದು. ಎಷ್ಟು ಮೇಲೋ ಅಷ್ಟು ಅಪಾಯ.

"ಅಮ್ಮಾ, ತಟ್ಬೇಡ! ತಟ್ಬೇಡ ಕಣಮ್ಮಾ!" ಎಂದು ಕಿರುಚಿದೆ. ಡ್ರಮ್ಮು ಬಡಿಯುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಅಡುಗೆಯವರೊಬ್ಬರು ಮಾತ್ರ ತಿರುಗಿ ನೋಡಿದರು.

ಕಾರ್ಯದರ್ಶಿಗಳು ಮೈಕಿಗೆ ಬಂದು, ಆ ಗದ್ದಲದ ನಡುವೆಯೇ ಓದಿದರು: "ಪರದೆಯಲ್ಲಿ ಕಂಡ ಅಂಕಿಅಂಶಗಳ ಆಧಾರದ ಮೇಲೆ ಗಂಗಾನಗರ ಕೇಂದ್ರವನ್ನು ಯಶವಂತಪುರ ಕೇಂದ್ರದೊಂದಿಗೆ ವಿಲೀನಗೊಳಿಸುವ ವಿಷಯವನ್ನು ಸಭೆಯು ಚಪ್ಪಾಳೆಯ ಮೂಲಕ..." ಗಂಗಾನಗರ ಎಂಬ ಹೆಸರು ಕೇಳಿದ್ದೇ ತಡ, ನಮ್ಮವರು ಇನ್ನೂ ಜೋರಾಗಿ ತಟ್ಟಿದರು.

ಊಟಕ್ಕೆ ಕೂತಾಗ ಅಮ್ಮ ಎಲೆಯ ಮೇಲಿನ ಕೇಸರಿಬಾತನ್ನು ನೋಡಿ, ನನ್ನನ್ನು ನೋಡಿ, "ಒಂದೇ ಒಂದ್ ತುತ್ತು ಕಣೆ. ಇವತ್ತೊಂದಿನ. ಫಸ್ಟ್ ಬಂದಿದೀವಿ" ಎಂದಳು. ಬೇಡ ಎನ್ನಲು ನನ್ನಿಂದ ಆಗಲಿಲ್ಲ.

ವಾಪಸು ಬರುವಾಗ ಆಟೋದಲ್ಲಿ ಹೇಳಿದೆ. ಖಾಲಾ ನಡುವೆ, ಅಮ್ಮ ಆ ತುದಿಯಲ್ಲಿ. ಅಮ್ಮ ಮುಂದಕ್ಕೆ ಬಗ್ಗಿ ನನ್ನನ್ನು ಕೇಳಿದಳು.

"ಹಂಗಾದ್ರೆ ಉದ್ದ ಬೆಳ್ದಿದ್ದು ಕೆಟ್ದಾ?"

"ಹೂಂ."

"ಮೇಲಕ್ಕೆ ಹೋಗಿದ್ದು?"

"ಅದೂ."

"ಹಸ್ರು ಬಣ್ಣ ಬೇರೆ ಕೊಟ್ಟಿದ್ರಲ್ಲೇ..." ಎಂದಳು. ಆಮೇಲೆ ಮೆಲ್ಲಗೆ, "ನಾನ್ ದಡ್ಡಿ ಕಣೆ. ಓದ್ಕೊಂಡಿದ್ರೆ ಗೊತ್ತಾಗ್ತಿತ್ತು" ಎಂದಳು.

ನನ್ನ ಸಿಟ್ಟು ನೆತ್ತಿಗೇರಿದ್ದು ಆಗ. ಸಭೆಯಲ್ಲಿ ಅಲ್ಲ, ಆಟೋದಲ್ಲಿ. ಅಮ್ಮ ದಡ್ಡಿಯಲ್ಲ. ಉದ್ದವಾದದ್ದು ಗೆದ್ದಿತು, ಮುಂದೆ ಓಡಿದ್ದು ಮೊದಲು, ಮೇಲೆ ನಿಂತದ್ದು ದೊಡ್ಡದು, ಹಸಿರು ಅಂದರೆ ಒಳ್ಳೆಯದು ಎಂದು ಅವಳು ಓದಿಕೊಂಡಳು. ಹಾಗೆಯೇ ಓದಬೇಕು. ರೇಸ್ ಎಂದು ಹೇಳಿ, ಡ್ರಮ್ಮು ಬಾರಿಸಿ, ಸೌಂಡ್ ಬರಲಿ ಎಂದು ಕೇಳಿದ ಮೇಲೆ ಇನ್ನು ಹೇಗೆ ಓದಬೇಕಿತ್ತು? ಬಿ.ಎಸ್ಸಿ. ಇದ್ದ ಯಾರನ್ನಾದರೂ ಆ ಮುಂದಿನ ಸಾಲಿನಲ್ಲಿ ಕೂರಿಸಿದ್ದರೆ ಅವರೂ ತಟ್ಟುತ್ತಿದ್ದರು. ತಪ್ಪು ನೋಡಿದ ಕಣ್ಣಿನದಲ್ಲ, ತೋರಿಸಿದ ಕೈಯದು. ಇಷ್ಟು ಹೇಳುವುದಕ್ಕೆ ನನ್ನ ಓದು ಸಾಕಾಗಿತ್ತು. ಆದರೆ ಅಮ್ಮನಿಗೆ ಅದು ಮಗಳ ಸಮಾಧಾನದ ಮಾತಿನಂತೆ ಕೇಳಿಸಿತು.

ರಜೆ ಹಾಕಿ ಸಂಘದ ಕಚೇರಿಗೆ ಹೋದೆ. ಕಾರ್ಯದರ್ಶಿಗಳು ಕಾಫಿ ತರಿಸಿದರು. ಕೆಟ್ಟ ಮನುಷ್ಯರಲ್ಲ, ಸುಸ್ತಾದ ಮನುಷ್ಯರು. "ನೋಡಮ್ಮ, ಜನ ಬರ್ತಿಲ್ಲ ಅಂದ್ಮೇಲೆ ನಾವೇನ್ ಮಾಡೋಕಾಗತ್ತೆ? ಸಭೇನೇ ಒಪ್ಪಿದೆ" ಎಂದರು.

"ಸಭೆ ಒಪ್ಪಿಲ್ಲ ಸಾರ್. ಸಭೆ ರೇಸ್ ನೋಡ್ತು."

ಸಲಹೆಗಾರ ಯುವಕ ಪಕ್ಕದ ಮೇಜಿನಲ್ಲೇ ಇದ್ದ. ನಾನು ಏನು ಕೆಲಸ ಮಾಡುತ್ತೇನೆ ಎಂದು ಕೇಳಿ ತಿಳಿದ ಮೇಲೆ ಖುಷಿಯಾಗಿ ಹತ್ತಿರ ಬಂದ. "ಮೇಡಂ, ನೀವೂ ನಮ್ ಫೀಲ್ಡೇ! ನಿಮ್ಗೆ ಗೊತ್ತಲ್ವಾ, ಸುಮ್ನೆ ಗ್ರಾಫ್ ಹಾಕಿದ್ರೆ ಈ ಜನಕ್ಕೆ ಅರ್ಥ ಆಗಲ್ಲ. ಅದ್ಕೇ ಹಿಂಗೆ ಮಾಡಿದ್ದು. ಎಷ್ಟು ಎಂಜಾಯ್ ಮಾಡಿದ್ರು ನೋಡಿದ್ರಲ್ಲ?"

"ಈ ಜನ ಅಂದ್ರೆ ಯಾರು?"

ನನ್ನ ದನಿಯ ಮೊನಚು ಅವನಿಗೆ ತಿಳಿಯಲಿಲ್ಲ. "ಅಂದ್ರೆ... ಜನರಲ್ ಪಬ್ಲಿಕ್ ಮೇಡಂ."

"ಮುಂದಿನ ಸಾಲಲ್ಲಿ ಶಿಳ್ಳೆ ಹಾಕಿದ್ರಲ್ಲ, ಅವ್ರು ನಮ್ಮಮ್ಮ."

ನಾನು ನಿಲ್ಲಿಸಲಿಲ್ಲ. ಇಡೀ ಚಿತ್ರದಲ್ಲಿ ಒಂದು ಪಟ್ಟೆಯೂ ಒಂದು ಸಲವೂ ಮೊಟಕಾಗಲಿಲ್ಲ, ಗಮನಿಸಿದ್ದೀರಾ ಎಂದು ಕೇಳಿದೆ. ಜನ ಬಿಟ್ಟು ಹೋಗುತ್ತಾರೆ, ಊರಿಗೆ ಹೋಗಿ ಬರುತ್ತಾರೆ, ಮತ್ತೆ ಬೆಂಚಿನ ಮೇಲೆ ಬಂದು ಕೂರುತ್ತಾರೆ. ವಾಪಸು ಬಂದವರನ್ನು ಎಲ್ಲಿ ಕಳೆದಿದ್ದೀರಿ?

"ಕಳ್ದಿಲ್ಲ ಮೇಡಂ. ಕಳೆದ್ರೆ ಪಟ್ಟೆ ಹಿಂದಕ್ಕೂ ಮುಂದಕ್ಕೂ ಆಡತ್ತೆ. ನೋಡೋಕೆ ಚೆನ್ನಾಗಿರಲ್ಲ."

ನೋಡೋಕೆ ಚೆನ್ನಾಗಿರಲ್ಲ! ಆಟೋ ಮೀಟರ್ ಹಿಂದಕ್ಕೆ ಓಡುವುದಿಲ್ಲ, ಸರಿ. ಮನುಷ್ಯರು ಮೀಟರೇ ಎಂದು ಕೇಳಿದೆ. ಆ ಮಾತಿಗೆ ಕಾರ್ಯದರ್ಶಿಗಳೂ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಸದಸ್ಯರು ಕೇಳಿದರೆ ಅಂಕಿಗಳನ್ನು ಕೊಡಬೇಕು ಎಂದು ಅವರೇ ಯುವಕನಿಗೆ ಹೇಳಿದರು. ಸದಸ್ಯರು ಸಹಿ ಮಾಡಿ ಕೇಳಿಕೊಂಡರೆ ವಿಶೇಷ ಸಭೆ ಕರೆಯಬಹುದು ಎಂಬುದನ್ನು ಮಾತ್ರ ನಾನೇ ಬೈಲಾ ತೆಗೆಸಿ ತೋರಿಸಬೇಕಾಯಿತು. ಅವರು ಓದಿ, ಕನ್ನಡಕ ತೆಗೆದು, "ಸರಿ, ತನ್ನಿ. ಆದ್ರೆ ನಿಮ್ಮೋರಿಗೆ ಅರ್ಥ ಮಾಡಿಸೋ ಜವಾಬ್ದಾರಿ ನಿಮ್ದು" ಎಂದರು.

ಅದು ಸವಾಲೋ, ತಮ್ಮ ಹೊರೆ ಇಳಿಸಿಕೊಂಡದ್ದೋ ತಿಳಿಯದು. ಒಪ್ಪಿಕೊಂಡೆ.

ಭಾನುವಾರ ಮಧ್ಯಾಹ್ನ ಗಿರಣಿಗೆ ರಜೆ. ಕ್ಲಿನಿಕ್ಕಿನ ಮುಂದಿನ ಸಿಮೆಂಟ್ ರಸ್ತೆಯ ಮೇಲೆ ಮಕ್ಕಳು ಕುಂಟೆಬಿಲ್ಲೆ ಆಡಲು ಬರೆದಿದ್ದ ಮನೆಗಳು ಹಾಗೇ ಇದ್ದವು. ನಾನು ಮನೆಯಿಂದ ಲ್ಯಾಪ್‌ಟಾಪ್ ತಂದಿದ್ದೆ, ಚಂದದ ಚಿತ್ರವೂ ಮಾಡಿಕೊಂಡಿದ್ದೆ. ಆ ಬಿಸಿಲಿಗೆ ಪರದೆ ಕಾಣಿಸಲಿಲ್ಲ. ಮುಚ್ಚಿ ಪಕ್ಕಕ್ಕಿಟ್ಟೆ. ಮಕ್ಕಳನ್ನು ಕೇಳಿ ಸೀಮೆಸುಣ್ಣ ತೆಗೆದುಕೊಂಡು ಕುಂಟೆಬಿಲ್ಲೆ ಮನೆಗಳನ್ನೇ ಉದ್ದಕ್ಕೆ ಮುಂದುವರಿಸಿದೆ, ಎಲ್ಲ ಒಂದೇ ಅಳತೆ. ಗಲ್ಲಿಯ ಹೆಂಗಸರು ಬೆಂಚು, ಮೆಟ್ಟಿಲು, ಚರಂಡಿ ಕಲ್ಲಿನ ಮೇಲೆ ಕೂತರು. ಗಂಡಸರು ಗೋಡೆಗೆ ಒರಗಿ ನಿಂತರು.

"ಅವತ್ತು ಪರದೇಲಿ ಮುಂದಿರೋ ಪಟ್ಟೆ ಯಾವಾಗ್ಲೂ ಕೊನೇ ಅಂಚು ಮುಟ್ತಿತ್ತು ತಾನೆ?" ಎಂದೆ. "ಅಲ್ಲಿ ಅಂಚೇ ಸರೀತಿತ್ತು. ಪಟ್ಟೆ ಎಷ್ಟ್ ಬೆಳೆದ್ರೂ ಪರದೆ ತುಂಬೋ ಹಂಗೆ ಅಳತೇನೇ ಬದಲಾಯಿಸ್ತಿದ್ರು. ಇಲ್ಲಿ ಹಂಗಾಗಲ್ಲ."

"ಕುಂಟೆಬಿಲ್ಲೆ ಮನೆ ಆಟದ ಮಧ್ಯೆ ದೊಡ್ಡದಾಗ್ಬಿಟ್ರೆ ಜಗಳಾನೇ ಆಗತ್ತೆ" ಎಂದರು ಖಾಲಾ. ಎಲ್ಲರೂ ನಕ್ಕರು. ಅಲ್ಲಿಗೆ ಒಂದು ಪಾಠ ಮುಗಿಯಿತು.

ಬಿಟ್ಟು ಹೋದವರಿಗೆ ಸೀಮೆಸುಣ್ಣದ ಬಿಳಿ ಗೆರೆ. ವಾಪಸು ಬಂದವರಿಗೆ ಇಟ್ಟಿಗೆ ಚೂರಿನ ಕೆಂಪು, ಬಿಳಿಯ ತುದಿಯಿಂದ ಹಿಂದಕ್ಕೆ. ತಿಂಗಳಿಗೊಂದು ಗೆರೆ, ಒಂದರ ಕೆಳಗೆ ಒಂದು. ಹಳೆಯದನ್ನು ಅಳಿಸಲಿಲ್ಲ. ಪರದೆಯ ದೊಡ್ಡ ಮೋಸ ಅದೇ, ಹೊಸ ತಿಂಗಳು ಬಂದಾಗ ಹಳೆಯದು ಗುರುತಿಲ್ಲದೆ ಹೋಗುತ್ತದೆ. ಎಲ್ಲಿಂದ ಎಲ್ಲಿಗೆ ಬಂದೆವು ಎಂದು ಕೇಳಲು ಜಾಗವೇ ಇರುವುದಿಲ್ಲ. ಪ್ರತಿ ಗೆರೆ ಎಳೆಯುವ ಮೊದಲು ಕೇಳಿದೆ: ಈ ಸಲ ಎಷ್ಟು ಮುಂದೆ ಹೋಗಬಹುದು? ಪಣ ಕಟ್ಟುವ ಹಾಗೆ ಕೂಗತೊಡಗಿದರು. "ಒಂದ್ ಮನೆ!" "ಇಲ್ಲ, ಅರ್ಧ!" ಕೆಲವು ತಿಂಗಳು ಬಿಳಿ ಸ್ವಲ್ಪ ಮುಂದೆ, ಕೆಂಪು ಸ್ವಲ್ಪ ಹಿಂದೆ, ಹೆಚ್ಚುಕಡಿಮೆ ಸರಿದೂಗುತ್ತಿತ್ತು. ಒಂದು ಕಡೆ ಮಾತ್ರ ಬಿಳಿ ಗೆರೆ ಮನೆಗಳನ್ನು ಜಿಗಿದು ಗಿರಣಿಯ ಮೆಟ್ಟಿಲಿನವರೆಗೆ ಹೋಯಿತು. ನಾನು ಎದ್ದು ನಡೆದು ಹೋಗಿ ಗೆರೆ ಮುಗಿಸಬೇಕಾಯಿತು.

"ಇದ್ಯಾವ್ ತಿಂಗ್ಳು?" ಎಂದು ಯಾರೋ ಕೇಳಿದರು. ಹೇಳಿದೆ.

ಮೂರ್ನಾಲ್ಕು ದನಿಗಳು ಒಟ್ಟಿಗೆ ಬಂದವು. "ಸಂಜೆ ಡಾಕ್ಟರ್‌ನ ನಿಲ್ಸಿದ್ದು ಆಗ್ಲೇ ಅಲ್ವಾ?" "ಹೌದು ಕಣೆ, ಬೆಳಿಗ್ಗೆ ಬನ್ನಿ ಅಂತ ಬೋರ್ಡ್ ಹಾಕಿದ್ರು." "ಬೆಳಿಗ್ಗೆ ನಾವು ಮಂದಿ ಮನೆ ಪಾತ್ರೆ ತೊಳೀತಿರ್ತೀವಿ, ಡಾಕ್ಟರ್ ಹತ್ರ ಯಾವಾಗ್ ಬರೋದು?"

ಆ ಒಂದು ಜಿಗಿತವನ್ನು ಪರದೆ ಡ್ರಮ್ಮಿನ ಒಂದು ಏಟಿನಲ್ಲಿ ದಾಟಿಸಿಬಿಟ್ಟಿತ್ತು. ಕಣ್ಣು ರೆಪ್ಪೆ ಬಡಿಯುವಷ್ಟು ಹೊತ್ತು. ಅಷ್ಟರೊಳಗೇ ಒಂದು ಕಾರಣ ಅಡಗಿತ್ತು, ಆ ಕಾರಣಕ್ಕೆ ಒಬ್ಬ ಹೊಣೆಗಾರನಿದ್ದ. ಜನ ಕ್ಲಿನಿಕ್ ಬಿಟ್ಟು ಹೋಗಲಿಲ್ಲ, ಕ್ಲಿನಿಕ್ ಜನರನ್ನು ಬಿಟ್ಟಿತ್ತು.

ಅಮ್ಮ ಇಷ್ಟು ಹೊತ್ತೂ ಕಾಲು ನೀಡಿಕೊಂಡು ಬೆಂಚಿನ ಮೇಲೆ ಕೂತಿದ್ದಳು. "ನಾನೂ ಇದ್ರಲ್ಲಿ ಇದೀನೇನೇ?" ಎಂದಳು.

ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಅವಳು ಸೋಲದೇವನಹಳ್ಳಿಯ ಚಿಕ್ಕಮ್ಮನ ಮನೆಯಲ್ಲಿ ಕೆಲವು ತಿಂಗಳು ಇದ್ದಳು. ಆಗ ಕ್ಲಿನಿಕ್ಕಿಗೆ ಬಂದಿರಲಿಲ್ಲ.

"ಇದೀಯಮ್ಮ. ಬಿಳೀಲೂ ಇದೀಯ, ಕೆಂಪಲ್ಲೂ ಇದೀಯ. ಪರದೇಲಿ ಮಾತ್ರ ಬರೀ ಬಿಳೀಲಿ ಇದ್ದೆ."

"ಅಂದ್ರೆ ಅವ್ರ ಲೆಕ್ಕದಲ್ಲಿ ನಾನ್ ಹೋದೋಳು ಹೋಗ್ಬಿಟ್ಟೆ?"

"ಯಾ ಅಲ್ಲಾ!" ಎಂದರು ಖಾಲಾ. "ದಿನಾ ನನ್ ತೋಳು ಹಿಡ್ಕೊಂಡು ಬರ್ತಾಳಲ್ಲ, ಹಂಗಾದ್ರೆ ಯಾರು ಇವ್ಳು, ದೆವ್ವಾನಾ?"

ಗಲ್ಲಿ ಹೋ ಎಂದು ನಕ್ಕಿತು. ಅಮ್ಮ ನಗಲಿಲ್ಲ. ಬೆಂಚಿನಿಂದ ಎದ್ದು, ಹಿಮ್ಮಡಿ ಊರಿಕೊಂಡು ಬಂದು, ಕೆಂಪು ಗೆರೆಯ ಪಕ್ಕದಲ್ಲಿ ನಿಂತಳು. "ಶಿಳ್ಳೆ ಹಾಕ್ದೆ ಕಣೆ ನಾನು. ನಾನು ಹೋಗಿದ್ದಕ್ಕೆ ನಾನೇ ಶಿಳ್ಳೆ ಹಾಕ್ದೆ" ಎಂದಳು. ಸಹಿಗೆ ಪೆನ್ನು ಕೇಳಿದವಳು ಅವಳೇ ಮೊದಲು.

ವಿಶೇಷ ಸಭೆ ಅದೇ ಮಂಟಪದಲ್ಲಿ ಸೇರಿತು. ಊಟವಿಲ್ಲ ಎಂದು ಮೊದಲೇ ಹೇಳಿದ್ದರು. ಆದರೂ ನಾಲ್ಕೂ ಕಡೆಯವರು ಬಂದಿದ್ದರು. ನಾನು ಹೊಸ ಚಿತ್ರ ತೋರಿಸಬಹುದಿತ್ತು. ಬೇಡ, ಅದೇ ರೇಸನ್ನು ಮತ್ತೆ ಹಾಕಿ, ಡ್ರಮ್ಮು ಮಾತ್ರ ಬೇಡ ಎಂದೆ. ಯುವಕನಿಗೆ ಇದರ ಗುಟ್ಟು ತಿಳಿಯಲಿಲ್ಲ. ಹಾಕಿದ.

ಪಟ್ಟೆಗಳು ಓಡಿದವು. ಸಂಗೀತವಿಲ್ಲದೆ ಅದು ರೇಸಿನ ಹಾಗೆ ಕಾಣಲಿಲ್ಲ, ಯಾರೋ ಅವಸರದಲ್ಲಿ ಏನನ್ನೋ ಮುಚ್ಚಿಡುತ್ತಿರುವ ಹಾಗೆ ಕಂಡಿತು. ಹಸಿರು ಪಟ್ಟೆ ಏರಲು ಶುರುಮಾಡಿತು.

"ನಿಲ್ಸಪ್ಪಾ! ಅಲ್ಲೇ ನಿಲ್ಸು!"

ಮುಂದಿನ ಸಾಲಿನಿಂದ ಅಮ್ಮನ ದನಿ. ಯುವಕ ಗಾಬರಿಯಿಂದ ಒತ್ತಿದ, ಚಿತ್ರ ನಿಂತಿತು. ಒಂದೇ ಕ್ಷಣ ತಡವಾಗಿತ್ತು. "ಒಂದ್ ತಿಂಗ್ಳು ಹಿಂದಕ್ಕೆ" ಎಂದರು ಇನ್ನೊಬ್ಬರು. ಹಿಂದಕ್ಕೆ ಹೋಯಿತು. "ಈಗ್ ಮುಂದಕ್ಕೆ. ಮೆಲ್ಲಗೆ." ಮುಂದಕ್ಕೆ ಬಂತು. ಪಟ್ಟೆ ಒಮ್ಮೆ ಗಿಡ್ಡ, ಒಮ್ಮೆ ಉದ್ದ. ನಮ್ಮ ಗಲ್ಲಿಯವರು ಅವನನ್ನು ಹೀಗೆ ಹಿಂದೆ ಮುಂದೆ ಎಷ್ಟು ಸಲ ಆಡಿಸಿದರೆಂದರೆ ಕೊನೆಗೆ ಯಶವಂತಪುರದವರೂ ಕುರ್ಚಿಯ ಅಂಚಿಗೆ ಬಂದು ಕೂತರು.

"ಈ ತಿಂಗ್ಳು ಏನಾಯ್ತು ಸಾರ್?" ಎಂದು ಅಮ್ಮ ಕೇಳಿದಳು.

ಕಾರ್ಯದರ್ಶಿಗಳಿಗೆ ಗೊತ್ತಿತ್ತು. ಮೈಕಿನಿಂದ ಸ್ವಲ್ಪ ದೂರ ಸರಿದು, "ಡಾಕ್ಟರ್ ಸಮಯ ಬದಲಾವಣೆ ಆಗಿತ್ತಮ್ಮ" ಎಂದರು.

"ಬದಲಾಯ್ಸಿದ್ದು ಯಾರು?"

ಅವರು ಉತ್ತರ ಕೊಡುವ ಮೊದಲೇ ಯಲಹಂಕದ ಆ ಹಿರಿಯರು ಎದ್ದರು, ಮುಂದಿನ ವರ್ಷ ನೋಡಿಕೊಳ್ಳುತ್ತೇವೆ ಎಂದಿದ್ದವರು. "ಸಾಮಿ, ನಮ್ಮಲ್ಲೂ ಸಂಜೆ ಡಾಕ್ಟ್ರನ್ನ ನಿಲ್ಸ್‌ತೀವಿ ಅಂತ ಏಳಿದೀರಂತೆ. ಅಂಗಾದ್ರೆ ಮುಂದಿನ್ ವರ್ಷ ಫಸ್ಟ್ ಬರೋರು ನಾವೇಯಾ? ನಂಗೆ ಆ ಫಸ್ಟು ಬ್ಯಾಡಪ್ಪ!" ಎಂದರು.

ವಿಲೀನದ ನಿರ್ಣಯವನ್ನು ಮತ್ತೆ ಸಭೆಯ ಮುಂದೆ ಇಡಲೇಬೇಕಿತ್ತು. ಕಾರ್ಯದರ್ಶಿಗಳು ಓದಿದರು. ಈ ಸಲ ನಿಧಾನವಾಗಿ, ಎಲ್ಲರಿಗೂ ಕೇಳುವ ಹಾಗೆ. ಕೊನೆಯಲ್ಲಿ ಅಭ್ಯಾಸಬಲದಿಂದ ದನಿ ಏರಿಸಿ, "ಸಭೆಯು ಚಪ್ಪಾಳೆಯ ಮೂಲಕ ಅನುಮೋದಿಸಬೇಕೆಂದು..." ಎಂದು ನಿಲ್ಲಿಸಿದರು.

ಯಾರೂ ತಟ್ಟಲಿಲ್ಲ. ಖಾಲಾ ಎರಡೂ ಕೈಗಳನ್ನು ಬುರ್ಖಾದೊಳಗೆ ಎಳೆದುಕೊಂಡಿದ್ದರು. ಅಮ್ಮ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದಳು, ಅವು ತಾವಾಗಿಯೇ ಎದ್ದು ಬಂದಾವು ಎಂಬ ಹಾಗೆ. ಫ್ಯಾನುಗಳ ಸದ್ದು ಕೇಳುತ್ತಿತ್ತು. ಒಪ್ಪಿಗೆಗೆ ನಮ್ಮ ಸಭೆಗಳಲ್ಲಿ ಅಷ್ಟು ದೊಡ್ಡ ಸದ್ದಿದೆ. ಬೇಡ ಎನ್ನುವುದಕ್ಕೆ ಒಂದು ಸದ್ದನ್ನೂ ಯಾರೂ ಇಟ್ಟಿಲ್ಲ ಎಂದು ನನಗೆ ಹೊಳೆದದ್ದು ಆಗಲೇ.

"ಈಗ... ಇದನ್ನ ಏನಂತ ಬರೀಲಿ?" ಎಂದರು ಕಾರ್ಯದರ್ಶಿಗಳು.

"ಚಪ್ಪಾಳೆ ಬೀಳ್ಲಿಲ್ಲ ಅಂತ ಬರೀರಿ ಸಾರ್" ಎಂದಳು ಅಮ್ಮ.

ಹಾಗೆಯೇ ಬರೆದರು.

ಗಂಗಾನಗರದ ಕ್ಲಿನಿಕ್ ಗಿರಣಿಯ ಪಕ್ಕದಲ್ಲೇ ಇದೆ. ವಾರದಲ್ಲಿ ಕೆಲವು ಸಂಜೆ ಡಾಕ್ಟರು ಬರುತ್ತಾರೆ. ಎಲ್ಲ ಸಂಜೆಗೂ ಬೇಕೆಂದು ಕೇಳುತ್ತಿದ್ದೇವೆ. ಕೇಳುತ್ತಲೇ ಇರುತ್ತೇವೆ. ಯುವಕ ಒಮ್ಮೆ ಫೋನ್ ಮಾಡಿ, ಪಟ್ಟೆ ಹಿಂದಕ್ಕೆ ಬರುವುದನ್ನು ತೋರಿಸುವುದು ಹೇಗೆ ಎಂದು ಕೇಳಿದ. ಹೇಳಿಕೊಟ್ಟೆ. ಸಿಟ್ಟಿನಲ್ಲೇ ಹೇಳಿಕೊಟ್ಟೆ. ಅವನು ತೆಗೆದು ಸಂಘದ ಇಂಟರ್ನೆಟ್ ಪುಟದಲ್ಲಿ ಹಾಕಿದ ಮೊದಲ ಸಭೆಯ ವಿಡಿಯೋ ಇನ್ನೂ ಅಲ್ಲೇ ಇದೆ. ಅಳಿಸಿ ಎಂದು ಹೇಳಿ ಸಾಕಾಗಿದೆ. ಅದರಲ್ಲಿ ಡ್ರಮ್ಮಿನ ಮೇಲೆ ಅಮ್ಮನ ಶಿಳ್ಳೆ ಸ್ಪಷ್ಟವಾಗಿ ಕೇಳುತ್ತದೆ. ಕೆಳಗೆ ಯಾರೋ ನಗುವ ಮುಖದ ಗುರುತು ಹಾಕಿದ್ದಾರೆ.

ಮೊದಲ ಸಲ ಸಂಜೆಯ ಡಾಕ್ಟರು ಬಂದು ಕ್ಲಿನಿಕ್ಕಿನ ಟ್ಯೂಬ್‌ಲೈಟ್ ಹತ್ತಿದ ದಿನ ನಾವು ಮೂವರೂ ಬೆಂಚಿನ ಮೇಲೆ ಕೂತಿದ್ದೆವು. ಪಾತ್ರೆ ಕೆಲಸ ಮುಗಿಸಿದ ಹೆಂಗಸರು ಒಬ್ಬೊಬ್ಬರೇ ಬರುತ್ತಿದ್ದರು.

"ಹಾಕಮ್ಮ ಒಂದ್ ಶಿಳ್ಳೆ" ಎಂದೆ.

ಅಮ್ಮನ ಬೆರಳು ತುಟಿಯ ಹತ್ತಿರ ಬಂತು. ಬಂದು ನಿಂತಿತು. ಅವಳು ಒಳಗಿನ ಟ್ಯೂಬ್‌ಲೈಟನ್ನು, ಬಾಗಿಲಿನ ಬೋರ್ಡನ್ನು, ಸಾಲಿನಲ್ಲಿ ನಿಂತವರನ್ನು ಒಂದೊಂದಾಗಿ ನೋಡಿದಳು.

"ಇರು. ಯಾತಕ್ಕೆ ಅಂತ ಮೊದ್ಲು ಸರಿಯಾಗಿ ನೋಡ್ತೀನಿ" ಎಂದು ಕೈಯನ್ನು ಮಡಿಲಿಗೆ ಇಳಿಸಿದಳು.

ಮಿಕ್ಸರ್ ಸದ್ದನ್ನು ದಾಟಿ ಮೇಲಿನ ಮಹಡಿಗೆ ಮುಟ್ಟುತ್ತಿದ್ದ ಶಿಳ್ಳೆ ಅದು. ಕ್ಲಿನಿಕ್ಕನ್ನು ವಾಪಸು ಪಡೆದೆವು. ಆ ಶಿಳ್ಳೆಯನ್ನು ಯಾರ ಹತ್ತಿರ ವಾಪಸು ಕೇಳುವುದು?